ಪಶ್ಚಿಮಕ್ಕೆ ಹೊರಟ ಪೆಟ್ಟಿಗೆ

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ನನ್ನ ಪಟ್ಟಿಯಲ್ಲಿ ಒಂದು ತಪ್ಪೂ ಇರಲಿಲ್ಲ. ನಾಲ್ಕು ಹಾಳೆ, ಮೂರು ಊರು, ಮೂರು ಪೆಟ್ಟಿಗೆ. ಮಂಗಳವಾರ ಯಾವ ಪೆಟ್ಟಿಗೆ ಎಷ್ಟು ಗಂಟೆಗೆ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಎಂದು ನಿಮಿಷ ನಿಮಿಷಕ್ಕೆ ಬರೆದಿದ್ದೆ. ಬರೆದದ್ದನ್ನು ಆರು ಸಲ ಓದಿದ್ದೆ. ಗ್ಯಾಸ್ ಆರಿಸಿದೆನಾ ಎಂದು ಕಾರಿನಿಂದ ಇಳಿದು ಮತ್ತೆ ಮನೆಯೊಳಗೆ ಹೋಗಿ ನೋಡುವವಳು ನಾನು. ಇಂಥ ಕೆಲಸಕ್ಕೆ ಆ ಕಾಯಿಲೆ ಒಳ್ಳೆಯದೇ ಎಂದುಕೊಂಡಿದ್ದೆ.

ಪೆಟ್ಟಿಗೆಯಲ್ಲಿ ಹೋಗುವುದು ಮೂತ್ರಪಿಂಡ. ಒಂದು ಊರಲ್ಲಿ ಒಬ್ಬ ಅಣ್ಣ ತಂಗಿಗೆ ತನ್ನ ಒಂದು ಮೂತ್ರಪಿಂಡ ಕೊಡಲು ಸಿದ್ಧನಿರುತ್ತಾನೆ, ಆದರೆ ರಕ್ತ ಹೊಂದುವುದಿಲ್ಲ. ಬೇರೆ ಊರಲ್ಲಿ ಇಂಥದೇ ಇನ್ನೊಂದು ಜೋಡಿ, ಮತ್ತೊಂದು ಊರಲ್ಲಿ ಇನ್ನೊಂದು. ಮೂರು ಜೋಡಿಯನ್ನೂ ಒಂದು ಸುತ್ತಾಗಿ ನಿಲ್ಲಿಸಿದರೆ ಎಲ್ಲರಿಗೂ ಹೊಂದುತ್ತದೆ. ನಮ್ಮ ಸುತ್ತಿನಲ್ಲಿ ಪರ್ತ್‌ನ ದಾನಿಯದು ಅಡಿಲೇಡ್‌ಗೆ, ಅಡಿಲೇಡ್‌ನದು ಬ್ರಿಸ್ಬೇನ್‌ಗೆ, ಬ್ರಿಸ್ಬೇನ್‌ನದು ಪರ್ತ್‌ಗೆ. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ನಮಗಂತೂ ಬರೀ ಸಂಕೇತ ಸಂಖ್ಯೆ. ಒಂದೇ ಒಂದು ಕಟ್ಟುನಿಟ್ಟು: ಮೂವರೂ ದಾನಿಗಳಿಗೆ ಒಂದೇ ಹೊತ್ತಿಗೆ ಅರಿವಳಿಕೆ ಕೊಡಬೇಕು. ಮೂರನೆಯವರು ನಿದ್ದೆಗೆ ಹೋದರು ಎಂಬ ಫೋನ್ ಬರುವವರೆಗೆ ಯಾರೂ ಕತ್ತಿ ಎತ್ತುವಂತಿಲ್ಲ. ಇಲ್ಲದಿದ್ದರೆ ತನ್ನವರಿಗೆ ಸಿಕ್ಕಿತು ಎಂದ ಮೇಲೆ ಯಾರಾದರೂ ಹಿಂದೆ ಸರಿದುಬಿಟ್ಟರೆ? ಒಂದು ಕೊಂಡಿ ಕಳಚಿದರೆ ಮೂವರಿಗೂ ಇಲ್ಲ.

ಪರ್ತ್ ವಿಮಾನ ನಿಲ್ದಾಣದ ಪಕ್ಕದ ಒಂದು ಸಣ್ಣ ಕೊರಿಯರ್ ಕಂಪನಿಯಲ್ಲಿ ನಾನಿದ್ದೆ. ಗಣಿಗಳ ಭರಾಟೆ ಇಳಿದು ಎಲ್ಲ ಕಂಪನಿಗಳೂ ಜನರನ್ನು ಕಡಿಮೆ ಮಾಡುತ್ತಿದ್ದ ಕಾಲ ಅದು. ನಮ್ಮದು ರಕ್ತದ ಮಾದರಿ, ಔಷಧಿ ಸಾಗಿಸುವ ಕಂಪನಿಯಾದ್ದರಿಂದ ಹೇಗೋ ಉಳಿದುಕೊಂಡಿತ್ತು. ಯಾವ ವಿಮಾನ ಹಿಡಿದರೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮ್ ನನ್ನದೇ ಕೈಕೆಲಸ. ಮೂತ್ರಪಿಂಡದ ಕೆಲಸ ನಮಗೆ ಬಂದದ್ದು ಅದೇ ಮೊದಲು.

ಆಸ್ಪತ್ರೆಯ ಕಡೆಯಿಂದ ಇದನ್ನೆಲ್ಲ ಹೊಂದಿಸುತ್ತಿದ್ದವರು ಮಂಗಳೂರಿನ ಒಬ್ಬ ಹಿರಿಯ ನರ್ಸ್. ಮೊದಲ ಸಲ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು. ನಡುವೆ ನಾನು ಮಗಳಿಗೆ "ಏಯ್, ಇಳಿಯೇ ಅಲ್ಲಿಂದ" ಎಂದು ಗದರಿದ್ದು ಅವರಿಗೆ ಕೇಳಿಸಿತು. ಕೂಡಲೇ "ಓಹೋ, ನೀವು ಕನ್ನಡವಾ ಮಾರಾಯ್ರೆ" ಎಂದರು. ಅಂದಿನಿಂದ ನಾನು ಅವರನ್ನು ಸಿಸ್ಟರ್ ಎಂದೆ, ಅವರು ನನ್ನನ್ನು ವಾರದೊಳಗೆ ಮಾರಾಯ್ತಿ ಮಾಡಿಕೊಂಡರು.

ಶನಿವಾರ ಮಧ್ಯಾಹ್ನ ಎಲೆನ್‌ಬ್ರೂಕ್‌ನ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಮಗಳು ಸ್ಕೂಟರ್ ಓಡಿಸುತ್ತಿದ್ದಳು. ಅವಳಿಗೆ ಆಗ ಒಂಬತ್ತು. ಗಂಡ ಉತ್ತರದ ಗಣಿಯಲ್ಲಿ ಎರಡು ವಾರದ ಪಾಳಿಗೆ ಹೋಗಿದ್ದರು. ಬೆಂಚಿನ ಮೇಲೆ ನಮ್ಮ ಬೀದಿಯ ಅಂಕಲ್ ಕೂತಿದ್ದರು. ಅವರು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಮೂವತ್ತು ವರ್ಷ ವಿಮಾನಗಳಿಗೆ ದಾರಿ, ಇಂಧನ ಲೆಕ್ಕ ಹಾಕಿಕೊಡುವ ಕೋಣೆಯಲ್ಲಿದ್ದು ನಿವೃತ್ತರಾಗಿ ಈಗ ಇಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ತಲೆ ಮೇಲೆ ವಿಮಾನ ಹೋದರೆ ಮಾತು ನಿಲ್ಲಿಸಿ, ಅದು ಯಾವುದು, ಎಲ್ಲಿಗೆ ಎಂದು ಹೇಳಿ, ಮತ್ತೆ ಮಾತು ಮುಂದುವರಿಸುವವರು. ನಾನು ಯಾರಿಗೂ ಏನೂ ಹೇಳುವ ಹಾಗಿರಲಿಲ್ಲ. ಆದರೆ ಹೆಮ್ಮೆ ತಡೆಯದೆ, ಒಂದು ಅರ್ಜೆಂಟ್ ಪೆಟ್ಟಿಗೆ ಬ್ರಿಸ್ಬೇನ್‌ನಿಂದ ಬರುವುದಿದೆ, ಎಲ್ಲ ನಿಮಿಷದ ಲೆಕ್ಕ ಎಂದಷ್ಟೇ ಹೇಳಿದೆ.

"ಫ್ಲೈಟ್ ಎಷ್ಟು ಹೊತ್ತು ಅಂತ ಹಾಕಿದ್ದೀಯಮ್ಮ?"

"ನಾಲ್ಕು ಗಂಟೆ ಮೂವತ್ತೈದು ನಿಮಿಷ, ಅಂಕಲ್."

ಅವರು ನನ್ನ ಕಡೆ ತಿರುಗಿದರು. "ಯಾರು ಹೇಳಿದ್ದು?"

"ನನ್ನ ಪ್ರೋಗ್ರಾಮು."

"ನಿನ್ನ ಪ್ರೋಗ್ರಾಮು ಯಾವತ್ತಾದ್ರೂ ಪೂರ್ವದಿಂದ ಇಲ್ಲಿಗೆ, ಪಶ್ಚಿಮಕ್ಕೆ ಹಾರಿ ಬಂದಿದ್ಯಾ? ಜುಲೈ ತಿಂಗಳಮ್ಮ ಇದು. ಮೇಲೆ ಗಾಳಿ ಎದುರಿಗೆ ಬಡೀತಾ ಇರುತ್ತೆ. ಬ್ರಿಸ್ಬೇನ್‌ನಿಂದ ಇಲ್ಲಿಗೆ ಐದೂವರೆಗೆ ಕಮ್ಮಿ ಇಲ್ಲ. ಕೆಟ್ಟ ದಿನ ಅಂದ್ರೆ ಐದು ಐವತ್ತು. ಇನ್ನೂ ಕೆಟ್ರೆ ಇಂಧನ ಸಾಲದೆ ಅಡಿಲೇಡ್‌ನಲ್ಲಿ ಇಳಿಸ್ತಾರೆ. ಅದಕ್ಕೆ ಇನ್ನೊಂದು ಮುಕ್ಕಾಲು ಗಂಟೆ."

ಮಗಳನ್ನು ಸ್ಕೂಟರ್ ಸಮೇತ ಎಳೆದುಕೊಂಡು ಮನೆಗೆ ಬಂದೆ. "ವಿ ಜಸ್ಟ್ ಗಾಟ್ ಹಿಯರ್" ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ಚಪ್ಪಲಿ ಕಾಲಲ್ಲೇ ಕಂಪ್ಯೂಟರ್ ಮುಂದೆ ಕೂತು ವಿಮಾನ ಕಂಪನಿಯ ವೇಳಾಪಟ್ಟಿ ತೆರೆದೆ. ಅಲ್ಲೇ ಇತ್ತು, ಯಾರು ಬೇಕಾದರೂ ನೋಡಬಹುದಾದ ಜಾಗದಲ್ಲಿ. ಹೋಗುವಾಗ ನಾಲ್ಕೂಕಾಲು, ಬರುವಾಗ ಐದೂವರೆ. ನಾನೇ ಒಮ್ಮೆ ಮಗಳ ಜೊತೆ ಆ ವಿಮಾನದಲ್ಲಿ ಬಂದಿದ್ದೆ. ಮಗಳು ಮೂರನೇ ಸಲ ಜ್ಯೂಸ್ ಕೇಳಿದಾಗ, ಇದೇಕೆ ಇನ್ನೂ ಮುಗಿಯುತ್ತಿಲ್ಲ ಎಂದುಕೊಂಡಿದ್ದೂ ನೆನಪಿತ್ತು.

ಈ ತಪ್ಪು ಹೇಗಾಯಿತು ಎಂದು ಹೇಳಲೇಬೇಕು, ಏಕೆಂದರೆ ಅದು ಉದಾಸೀನದಿಂದ ಆದದ್ದಲ್ಲ, ಜಾಣತನದಿಂದ ಆದದ್ದು. ಪರ್ತ್‌ಗೆ ಬರುವ ಮೊದಲು ನಾನು ಬೆಂಗಳೂರಿನಲ್ಲಿ ಯುರೋಪಿನ ಪ್ರವಾಸಿಗರಿಗಾಗಿ ಒಂದು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಎರಡು ವಿಮಾನ ನಿಲ್ದಾಣದ ಹೆಸರು ಕೊಟ್ಟರೆ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಅದು ಹೇಳುತ್ತಿತ್ತು. ಲಿಸ್ಬನ್‌ನಿಂದ ವಾರ್ಸಾ, ವಾರ್ಸಾದಿಂದ ಲಿಸ್ಬನ್. ನಾನು ಲಿಸ್ಬನ್ನನ್ನೂ ನೋಡಿರಲಿಲ್ಲ, ವಾರ್ಸಾವನ್ನೂ ನೋಡಿರಲಿಲ್ಲ. ಭೂಮಿಯ ಗುಂಡನೆಯ ಮೈಮೇಲೆ ಅತಿ ಹತ್ತಿರದ ದಾರಿ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುವುದು, ಗಂಟೆಗೆ ಎಂಟುನೂರೈವತ್ತರಿಂದ ಭಾಗಿಸುವುದು, ಏರಲು ಇಳಿಯಲು ಇಪ್ಪತ್ತು ನಿಮಿಷ ಸೇರಿಸುವುದು. ಸಾವಿರಾರು ಊರುಗಳ ಜೋಡಿ. ಅಲ್ಲಿಂದ ಇಲ್ಲಿಗೆ ಎಷ್ಟೋ ಇಲ್ಲಿಂದ ಅಲ್ಲಿಗೂ ಅಷ್ಟೇ ತಾನೇ ಎಂದು ಪ್ರತಿ ಜೋಡಿಗೂ ಒಂದೇ ಸಾಲು ಇಟ್ಟು ಪಟ್ಟಿಯನ್ನು ಅರ್ಧಕ್ಕೆ ಇಳಿಸಿದ್ದೆ. ಅದಕ್ಕೆ ಆಫೀಸಿನಲ್ಲಿ ಶಭಾಷ್ ಎನಿಸಿಕೊಂಡಿದ್ದೆ ಕೂಡ.

ಪರ್ತ್‌ನಲ್ಲಿ ಸೇರಿದ ಹೊಸದರಲ್ಲಿ ಒಂದು ಔಷಧಿ ಪೆಟ್ಟಿಗೆ ಅಡಿಲೇಡ್‌ನಲ್ಲಿ ಅರ್ಧ ಗಂಟೆ ಅನಾಥವಾಗಿ ಕೂತಿತ್ತು. ಅಡಿಲೇಡ್ ಗಡಿಯಾರ ಪರ್ತ್‌ಗಿಂತ ಒಂದೂವರೆ ಗಂಟೆ ಮುಂದೆ, ಬ್ರಿಸ್ಬೇನ್ ಎರಡು ಗಂಟೆ ಮುಂದೆ. ಆ ಅರ್ಧ ಗಂಟೆಯನ್ನು ಯಾರೋ ಮರೆತಿದ್ದರು. ಈ ಗೋಳೇ ಬೇಡ ಎಂದು ನಾನು ಪ್ರೋಗ್ರಾಮಿನಿಂದ ಆಯಾ ಊರಿನ ಗಡಿಯಾರದ ತಲುಪುವ ಸಮಯವನ್ನೇ ತೆಗೆದುಹಾಕಿದೆ. ಎಲ್ಲವೂ ಪರ್ತ್ ಗಡಿಯಾರದಲ್ಲಿ. ಹೊರಡುವ ಸಮಯ ವೇಳಾಪಟ್ಟಿಯಿಂದ, ಹಾರುವ ಸಮಯ ನನ್ನ ಹಳೆಯ ಸೂತ್ರದಿಂದ. ನಮ್ಮ ಪೆಟ್ಟಿಗೆಗಳೆಲ್ಲ ಪರ್ತ್‌ನಿಂದ ಪೂರ್ವಕ್ಕೇ ಹೋಗುತ್ತಿದ್ದವು. ಬೆನ್ನ ಹಿಂದೆ ಗಾಳಿ. ಹೇಳಿದ್ದಕ್ಕಿಂತ ಹತ್ತಿಪ್ಪತ್ತು ನಿಮಿಷ ಮೊದಲೇ ಮುಟ್ಟುತ್ತಿದ್ದವು. ಗಿರಾಕಿಗಳು ಹೊಗಳುತ್ತಿದ್ದರು. ಬೇಗ ಮುಟ್ಟಿದ್ದಕ್ಕೆ ಕಾರಣ ಹುಡುಕುವವರು ಯಾರು?

ಆ ಸಂಜೆ ಲೆಕ್ಕವನ್ನು ಮತ್ತೆ ಹಾಕಿದೆ. ಮೂತ್ರಪಿಂಡದ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿ ರಕ್ತ ತಡೆದು, ತಣ್ಣಗಿನ ದ್ರಾವಣ ಹರಿಸಿದ ಕ್ಷಣದಿಂದ, ಇನ್ನೊಬ್ಬರ ಮೈಯಲ್ಲಿ ಮತ್ತೆ ರಕ್ತ ಹರಿಯುವ ಕ್ಷಣದವರೆಗೆ ಹತ್ತು ಗಂಟೆ ಮೀರಬಾರದು ಎಂದು ಪರ್ತ್‌ನ ಸರ್ಜನ್ ಗಡಿ ಹಾಕಿದ್ದರು. ಪಡೆಯುವವರ ಸ್ಥಿತಿ ನೋಡಿ ಹಾಕಿದ ಗಡಿ ಅದು. ನನ್ನ ಹಳೆಯ ಪಟ್ಟಿಯ ಪ್ರಕಾರ ಎಂಟು ಗಂಟೆ ಐವತ್ತು ನಿಮಿಷ. ಈಗ ಅಂಕಲ್ ಹೇಳಿದ ಐದು ಐವತ್ತನ್ನು ಹಾಕಿದರೆ ವಿಮಾನ ಪರ್ತ್ ಮುಟ್ಟುವುದು ಸಂಜೆ ಐದು ಗಂಟೆಯ ಟ್ರಾಫಿಕ್ಕಿಗೆ ಸರಿಯಾಗಿ. ಒಟ್ಟು ಹತ್ತು ಗಂಟೆ ಇಪ್ಪತ್ತು ನಿಮಿಷ. ಇಂಧನಕ್ಕೆ ಇಳಿದರೆ ಹನ್ನೊಂದೂ ದಾಟುತ್ತಿತ್ತು.

ಮೊದಲು ನಮ್ಮ ಮಾಲೀಕರಿಗೆ ಫೋನ್ ಮಾಡಿದೆ. ಅವರು ಫ್ರೀಮ್ಯಾಂಟಲ್‌ನಲ್ಲಿ ಯಾರದೋ ಬಾರ್ಬಿಯಲ್ಲಿ, ಮಾಂಸ ಸುಟ್ಟು ತಿನ್ನುವ ಕೂಟದಲ್ಲಿದ್ದರು, ಹಿಂದೆ ಮಾಂಸ ಚುರುಗುಟ್ಟುವ ಸದ್ದು, ನಗು. ಒಳ್ಳೆಯ ಮನುಷ್ಯ, ಆದರೆ ಹೆದರಿದ್ದರು. ಈ ಕೆಲಸ ಕೈತಪ್ಪಿದರೆ ನಾವು ಇಬ್ಬರನ್ನು ಮನೆಗೆ ಕಳಿಸಬೇಕಾಗುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, ಟ್ರಾಫಿಕ್ಕಿಗೆಂದು ಒಂದು ಗಂಟೆ ಹೆಚ್ಚುವರಿ ಸೇರಿಸಿ ಹೊಸ ಪಟ್ಟಿ ಕಳಿಸು, ಸಾಕು, ಡಾಕ್ಟರುಗಳ ಗಡಿಯಲ್ಲಿ ಯಾವಾಗಲೂ ಸ್ವಲ್ಪ ಸಡಿಲ ಇರುತ್ತದೆ, ಸೂತ್ರದ ವಿಷಯವನ್ನೆಲ್ಲ ಯಾಕೆ ಎತ್ತುತ್ತೀಯ ಎಂದರು.

ಅವರನ್ನು ಬೈಯುವ ಹಕ್ಕು ನನಗಿಲ್ಲ. ಅವರು ಹೇಳುವ ಮೊದಲೇ ಅದೇ ಯೋಚನೆ ನನಗೂ ಬಂದಿತ್ತು. ಟ್ರಾಫಿಕ್ ಎಂದರೆ ಯಾರೂ ತಪ್ಪಿತಸ್ಥರಲ್ಲ. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದೆ. ಅನ್ನ ತಳ ಹಿಡಿಯಿತು. ಮಗಳು ತಲೆಯೆತ್ತದೆ "ಅಮ್ಮಾ, ಯು ಆರ್ ವಾಕಿಂಗ್ ಅಗೇನ್" ಎಂದಳು.

ನನ್ನನ್ನು ಕುಟುಕುತ್ತಿದ್ದುದು ಇನ್ನೊಂದು ವಿಷಯ. ನಿಜ ಹೇಳಿದರೆ ಇಡೀ ಸುತ್ತನ್ನೇ ರದ್ದು ಮಾಡಬಹುದಿತ್ತು. ಮೂರು ಊರಿನ ಆಪರೇಷನ್ ಕೋಣೆ ಒಂದೇ ದಿನ ಸಿಗಲು ಸಿಸ್ಟರ್ ಎರಡು ತಿಂಗಳು ಒದ್ದಾಡಿದ್ದರು. ಮುಂದೂಡಿದರೆ ಅಷ್ಟರಲ್ಲಿ ಒಬ್ಬ ದಾನಿಗೆ ನೆಗಡಿ ಬಂದರೂ ಕೊಂಡಿ ಕಳಚುತ್ತದೆ. ಸುಮ್ಮನಿದ್ದರೆ ಪರ್ತ್‌ನ ಒಬ್ಬರಿಗೆ ಅಪಾಯ, ಹೇಳಿದರೆ ಮೂವರಿಗೂ ಅಪಾಯ. ಗಡಿಯಲ್ಲಿ ಸಡಿಲ ಇದೆಯೋ ಇಲ್ಲವೋ ತಿಳಿದವರು ಸರ್ಜನ್, ನಾನಲ್ಲ. ನನಗೆ ಗೊತ್ತಿಲ್ಲದ ಇನ್ನೊಂದನ್ನು ಗೊತ್ತಿದೆ ಎಂದು ನಂಬಿಕೊಳ್ಳಲು ಅವತ್ತು ನನ್ನಿಂದಾಗಲಿಲ್ಲ. ಏಳು ಗಂಟೆಗೆ ಸಿಸ್ಟರ್‌ಗೆ ಫೋನ್ ಮಾಡಿದೆ.

"ಸಿಸ್ಟರ್, ನನ್ನಿಂದ ಒಂದು ತಪ್ಪಾಗ್ಬಿಟ್ಟಿದೆ" ಎಂದು ಶುರು ಮಾಡಿ ಯುರೋಪು, ಸೂತ್ರ, ಒಂದೇ ಸಾಲು ಎಂದು ಒಂದೇ ಉಸಿರಿಗೆ ಹೇಳತೊಡಗಿದೆ.

"ನಿಲ್ಲು, ನಿಲ್ಲು. ಹೇಗಾಯ್ತು ಅಂತ ಆಮೇಲೆ ಹೇಳು. ಎಷ್ಟು ತಪ್ಪಿದೆ, ಅದು ಹೇಳು."

"ಒಂದೂವರೆ ಗಂಟೆ. ಇಂಧನಕ್ಕೆ ಇಳಿದ್ರೆ ಎರಡೂಕಾಲು."

ಆ ಕಡೆ ಪೆನ್ನು ಮೇಜಿಗೆ ಬಡಿದ ಸದ್ದು.

"ಹೋಗುವುದು ನಾಲ್ಕು ಗಂಟೆ, ಬರುವುದು ಆರು ಗಂಟೆ! ಇದೆಂತ ಮಾರಾಯ್ತಿ" ಎಂದರು. ಆಮೇಲೆ, "ನನಗೂ ತಲೆಗೆ ಹೋಗಲಿಲ್ಲ ನೋಡು. ನಾನೂ ಆ ಪಟ್ಟಿಗೆ ಸೈನ್ ಹಾಕಿದ್ದೇನೆ. ನಾಳೆ ಹನ್ನೊಂದಕ್ಕೆ ಎಲ್ಲರನ್ನೂ ಫೋನಿಗೆ ಕೂರಿಸ್ತೇನೆ. ಅಷ್ಟರೊಳಗೆ ಹೊಸ ಲೆಕ್ಕ ಬೇಕು. ಈ ಸಲ ಗಾಳಿ ಹಾಕಿ."

ಭಾನುವಾರ ಬೆಳಗ್ಗೆ ಆರಕ್ಕೇ ಅಂಕಲ್ ಮನೆಯ ಬೆಲ್ ಒತ್ತಿದೆ. ಅವರು ಸ್ವೆಟರ್ ಮೇಲೆ ಮಫ್ಲರ್ ಸುತ್ತಿಕೊಂಡು, ಮೇಜಿನ ಮೇಲೆ ದೇಶದ ನಕ್ಷೆ ಹರಡಿ, ಪೆನ್ಸಿಲ್ ಚೂಪು ಮಾಡಿಕೊಂಡು ಕೂತೇ ಇದ್ದರು. ಹವಾಮಾನ ಇಲಾಖೆಯ ಮೇಲ್ಗಾಳಿಯ ಮುನ್ಸೂಚನೆಯನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಇಪ್ಪತ್ತು ನಿಮಿಷ ಲೆಕ್ಕ ಹಾಕಿ "ಮಂಗಳವಾರ ಐದು ಐವತ್ತು" ಎಂದರು. ತೀರ್ಪು ಕೊಟ್ಟ ಹಾಗೆ.

"ಇಂಧನಕ್ಕೆ ಇಳೀತಾರಾ ಅಂಕಲ್?"

"ಅದು ಕ್ಯಾಪ್ಟನ್ನನ್ನ ಕೇಳು. ನಾನಾಗಿದ್ರೆ ಇಳಿಸ್ತಿರಲಿಲ್ಲ. ಆದ್ರೆ ನೀನು ಇಳೀತಾರೆ ಅಂತಾನೇ ಬರ್ಕೋ."

ಹನ್ನೊಂದಕ್ಕೆ ಮೂರು ಊರಿನ ಸರ್ಜನ್‌ಗಳು, ಅರಿವಳಿಕೆ ತಜ್ಞರು, ಸಿಸ್ಟರ್, ನಾನು, ಎಲ್ಲರೂ ಫೋನಿನಲ್ಲಿ ಸೇರಿದೆವು. ಹಾರುವ ಸಮಯವನ್ನು ಬರೀ ಕಿಲೋಮೀಟರ್ ನೋಡಿ ಲೆಕ್ಕ ಹಾಕಿದ್ದೆ, ಗಾಳಿಯನ್ನು ಬಿಟ್ಟಿದ್ದೆ, ತಪ್ಪು ನನ್ನದು ಎಂದೆ. ಮೂರು ವಾಕ್ಯ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅಡಿಲೇಡ್‌ನವರು, ಹಾಗಾದರೆ ಮುಂದೂಡೋಣ ಎಂದರು. ಪರ್ತ್‌ನ ಸರ್ಜನ್, ಹತ್ತು ಗಂಟೆಯ ಗಡಿಯನ್ನು ತಾವು ಸಡಿಲಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಟ್ರಾಫಿಕ್ ಎಂದು ಬರೆದಿದ್ದರೆ ಏನಾಗುತ್ತಿತ್ತು ಎಂದು ಆ ಕ್ಷಣ ನೆನೆದು ಬೆವತುಹೋದೆ.

ನಾನು ಹೊಸ ಲೆಕ್ಕ ಓದಿದೆ. ಬ್ರಿಸ್ಬೇನ್‌ನಿಂದ ಅಲ್ಲಿನ ಗಡಿಯಾರದ ಹನ್ನೊಂದೂ ಮುಕ್ಕಾಲಿಗೆ ಒಂದು ನೇರ ವಿಮಾನವಿತ್ತು. ನಾವು ಆರಿಸಿದ್ದಕ್ಕಿಂತ ಒಂದೂವರೆ ಗಂಟೆ ಮೊದಲು. ಅದನ್ನು ಹಿಡಿದರೆ ಪರ್ತ್‌ನ ಸಂಜೆಯ ಟ್ರಾಫಿಕ್ ತಪ್ಪುತ್ತದೆ. ಆದರೆ ಎಲ್ಲರೂ ಬೇಗ ಶುರು ಮಾಡಿದರೆ ಕ್ಲ್ಯಾಂಪ್ ಕೂಡ ಬೇಗ ಬೀಳುತ್ತದೆ, ಪೆಟ್ಟಿಗೆ ವಿಮಾನ ನಿಲ್ದಾಣದಲ್ಲಿ ಕಾಯುವುದು ಹಾಗೇ ಉಳಿಯುತ್ತದೆ. ಅಲ್ಲಿಗೆ ಬಂದು ನಿಂತುಬಿಟ್ಟಿದ್ದೆ.

ಆಗ ಬ್ರಿಸ್ಬೇನ್‌ನ ಸರ್ಜನ್ ಮಾತು ತೆಗೆದರು. ಗಡಿಯಾರ ಓಡಲು ಶುರುವಾಗುವುದು ಚರ್ಮ ಕೊಯ್ದಾಗಲ್ಲ, ಕ್ಲ್ಯಾಂಪ್ ಹಾಕಿದಾಗ. ನನಗೆ ಒಂದು ಗಂಟೆ ಮೊದಲು ಶುರು ಮಾಡಲು ಬಿಡಿ, ಮೂತ್ರಪಿಂಡವನ್ನು ಪೂರ್ತಿ ಬಿಡಿಸಿಟ್ಟು, ರಕ್ತ ಹರಿಯುತ್ತಿರುವಾಗಲೇ ನಾನು ಕಾಯುತ್ತೇನೆ, ವಿಮಾನ ಹೊರಡುವುದಕ್ಕೆ ಸರಿಯಾಗಿ ಒಂದೂವರೆ ಗಂಟೆ ಮೊದಲು ಕ್ಲ್ಯಾಂಪ್ ಹಾಕುತ್ತೇನೆ ಎಂದರು. ನಿಮ್ಮ ಹುಡುಗಿಗೆ ಅಷ್ಟು ಸಾಕಾ ಎಂದು ಸಿಸ್ಟರನ್ನು ಕೇಳಿದರು. ನನಗೆ ಮೂವತ್ತೊಂಬತ್ತು ವರ್ಷ.

ಕೂಡಿಸಿದೆ. ಒಂಬತ್ತು ಗಂಟೆ ಹದಿನೈದು ನಿಮಿಷ. ಇಂಧನಕ್ಕೆ ಇಳಿದರೆ ಸರಿಯಾಗಿ ಹತ್ತು.

ಉಳಿದದ್ದು ಒಂದೇ ಅಡ್ಡಿ. ಬ್ರಿಸ್ಬೇನ್‌ನಲ್ಲಿ ಏಳೂವರೆಗೆ ದಾನಿ ನಿದ್ದೆಗೆ ಹೋಗಬೇಕೆಂದರೆ ಪರ್ತ್‌ನಲ್ಲಿ ಆಗ ಐದೂವರೆ. ಪರ್ತ್‌ನ ಆಪರೇಷನ್ ಕೋಣೆಯವರು ಆರೂವರೆಗೇ ಗೊಣಗಿದ್ದವರು. ಅದನ್ನು ನನಗೆ ಬಿಡಿ ಎಂದು ಸಿಸ್ಟರ್ ಫೋನಿಟ್ಟರು. ಸಂಜೆ ಒಂದು ಸಂದೇಶ ಬಂತು: "ಒಪ್ಪಿದರು. ಎಂತ ಹೇಳಿದೆ ಅಂತ ಕೇಳ್ಬೇಡ."

ಸೋಮವಾರ ಇಡೀ ದಿನ ಟಿಕೆಟ್ ಬದಲಾಯಿಸುವುದರಲ್ಲಿ ಹೋಯಿತು. ಪೂರ್ವಕ್ಕೆ ಹೋಗುವ ಎರಡು ಪೆಟ್ಟಿಗೆಗಳಿಗೆ ತೊಂದರೆಯೇ ಇರಲಿಲ್ಲ, ಗಾಳಿಯೇ ತಳ್ಳಿಕೊಂಡು ಹೋಗುತ್ತಿತ್ತು. ಪಶ್ಚಿಮದ ಪೆಟ್ಟಿಗೆಯ ಜೊತೆ ಬರಬೇಕಾಗಿದ್ದವರು ನಮ್ಮಲ್ಲೇ ಹಳಬರು, ಮೊದಲು ಶಾಲಾ ಬಸ್ ಓಡಿಸುತ್ತಿದ್ದವರು. ಸೋಮವಾರವೇ ಬ್ರಿಸ್ಬೇನ್‌ಗೆ ಹೊರಟರು. ಪೆಟ್ಟಿಗೆ ಎಂದರೆ ನೋಡಲು ಇಲ್ಲಿನವರು ಬೀಚಿಗೆ ತಂಪು ಪಾನೀಯ ಒಯ್ಯುವ ಎಸ್ಕಿಯ ಹಾಗೇ. ಒಳಗೆ ಮೂರು ಪದರದ ಚೀಲ, ಸುತ್ತ ಮಂಜುಗಡ್ಡೆ, ಉಷ್ಣತೆ ಬರೆದುಕೊಳ್ಳುವ ಸಣ್ಣ ಯಂತ್ರ. ಅದಕ್ಕೆ ಕಿಟಕಿ ಪಕ್ಕದ ಒಂದು ಸೀಟು, ಸೀಟ್ ಬೆಲ್ಟು.

ಮಂಗಳವಾರ ಐದೂವರೆಗೆ ನಾನು ಆಫೀಸಿನಲ್ಲಿದ್ದೆ. ಮಗಳನ್ನು ಎಬ್ಬಿಸಿ ಅಂಕಲ್ ಮನೆಯಲ್ಲಿ ಬಿಟ್ಟು ಬಂದಿದ್ದೆ, ಅವರೇ ಸ್ಕೂಲಿಗೆ ಕಳಿಸುವುದೆಂದು ಮಾತಾಗಿತ್ತು. ಐದು ಮೂವತ್ತಾರಕ್ಕೆ ಸಿಸ್ಟರ್ ಫೋನ್: ಬ್ರಿಸ್ಬೇನ್ ನಿದ್ದೆ. ಐದು ನಲವತ್ತಕ್ಕೆ ಪರ್ತ್. ಅಡಿಲೇಡ್ ಇಲ್ಲ. ಐದು ನಲವತ್ತೈದು, ಇಲ್ಲ. ಅಡಿಲೇಡ್‌ನ ದಾನಿಗೆ ಕೊನೇ ಗಳಿಗೆಯಲ್ಲಿ ರಕ್ತದೊತ್ತಡ ಏರಿತ್ತಂತೆ. ಐದು ಐವತ್ತೆರಡಕ್ಕೆ "ಮೂರೂ" ಎಂಬ ಒಂದೇ ಪದ ಬಂತು. ಆ ಬೆಳಗ್ಗೆ ಮೂರು ಊರಲ್ಲಿ ಮೂವರು ಗುರುತೇ ಇಲ್ಲದವರಿಗಾಗಿ ಮಲಗಿದ್ದರು, ನಾನು ಕುರ್ಚಿಯಲ್ಲಿ ಕೂರಲಾಗದೆ ನಿಂತೇ ಇದ್ದೆ.

ಪರ್ತ್ ಗಡಿಯಾರದ ಎಂಟೂಕಾಲಿಗೆ ಬ್ರಿಸ್ಬೇನ್‌ನಲ್ಲಿ ಕ್ಲ್ಯಾಂಪ್. ನಿಮಿಷಕ್ಕೆ ಸರಿಯಾಗಿ. ಎಂಟು ನಲವತ್ತಕ್ಕೆ ಪೆಟ್ಟಿಗೆ ಆಸ್ಪತ್ರೆ ಬಿಟ್ಟಿತು. ಒಂಬತ್ತು ಐವತ್ತಕ್ಕೆ, ಐದು ನಿಮಿಷ ತಡವಾಗಿ, ವಿಮಾನ ಹೊರಟಿತು. ನಮ್ಮ ಹಳಬರ ಕೊನೆಯ ಸಂದೇಶ: "ಇಬ್ಬರೂ ಬೆಲ್ಟ್ ಹಾಕಿಕೊಂಡಿದ್ದೇವೆ." ಅಲ್ಲಿಂದ ಮುಂದೆ ಸುಮಾರು ಆರು ಗಂಟೆ ಯಾರ ಕೈಯಲ್ಲೂ ಏನೂ ಇಲ್ಲ.

ವಿಮಾನಗಳ ಜಾಡು ತೋರಿಸುವ ನಕ್ಷೆಯನ್ನು ಪರದೆಯ ಮೇಲೆ ತೆರೆದಿಟ್ಟಿದ್ದೆ. ಅದರ ಮೇಲೆ ಎರಡು ಊರಿನ ನಡುವೆ ನಾನೇ ಅತಿ ಹತ್ತಿರದ ದಾರಿಯ ಗೆರೆ ಎಳೆದಿದ್ದೆ. ಮೊದಲ ಗಂಟೆ ಪುಟ್ಟ ಹಳದಿ ವಿಮಾನ ಗೆರೆಯ ಆಸುಪಾಸಿನಲ್ಲೇ ಇತ್ತು. ಆಮೇಲೆ ಎಡಕ್ಕೆ ವಾಲತೊಡಗಿತು. ದಕ್ಷಿಣಕ್ಕೆ, ಇನ್ನೂ ದಕ್ಷಿಣಕ್ಕೆ. ಅದರ ಮೂತಿ ನೆಟ್ಟಗೆ ಅಡಿಲೇಡ್ ಕಡೆಗಿತ್ತು. ಮಾಲೀಕರು ನನ್ನ ಹೆಗಲ ಹಿಂದೆ ಬಂದು ನಿಂತರು. ಇಳಿಸುತ್ತಿದ್ದಾರೆ, ಅಲ್ಲವಾ ಎಂದರು. ಇಳಿದರೆ ಸರಿಯಾಗಿ ಹತ್ತು, ಆಗಲೇ ಐದು ನಿಮಿಷ ತಡ. ಅಂದರೆ ಹತ್ತು ದಾಟಿತು. ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ದಾರಿ ಬಿಟ್ಟು ದಕ್ಷಿಣಕ್ಕೆ ಹೋಗ್ತಿದೆ. ಅಡಿಲೇಡ್‌ಗೆ ಇಳಿಸ್ತಿದ್ದಾರೆ ಅನ್ಸುತ್ತೆ."

"ಎತ್ತರ ಎಷ್ಟಿದೆ ನೋಡು."

ನೋಡಿದೆ. "ಕಮ್ಮಿ ಆಗಿಲ್ಲ."

"ಮತ್ತೆ ಇಳಿಯೋದೆಲ್ಲಿಂದ ಬಂತು? ಗಾಳಿ ಜೋರಿರೋದು ಉತ್ತರದ ಕಡೆ, ಅದಕ್ಕೆ ಕ್ಯಾಪ್ಟನ್ ದಕ್ಷಿಣದಿಂದ ಸುತ್ತಿ ಹೋಗ್ತಿದ್ದಾನೆ. ದೂರ ಜಾಸ್ತಿ, ಹೊತ್ತು ಕಮ್ಮಿ. ನೀನು ಆ ಗೆರೆ ಅಳಿಸಮ್ಮ ಮೊದಲು, ಸುಮ್ನೆ ಹೊಟ್ಟೆ ಉರಿ."

ಗೆರೆ ಅಳಿಸಿದೆ. ಆದರೂ ಮುಂದಿನ ಇಪ್ಪತ್ತು ನಿಮಿಷ ಎತ್ತರದ ಅಂಕಿಯ ಮೇಲೆ ಕಣ್ಣಿಟ್ಟೇ ಇದ್ದೆ. ಮೂವತ್ತಾರು ಸಾವಿರ ಅಡಿ. ಮೂವತ್ತಾರು ಸಾವಿರ. ಹಳದಿ ವಿಮಾನ ಅಡಿಲೇಡ್‌ನ ಮೇಲುಗಡೆಯಿಂದಲೇ ದಾಟಿ, ಕರಾವಳಿ ದಾಟಿ, ಸಮುದ್ರದ ನೀಲಿಗೆ ಹೋಯಿತು. ನಾನು ಕೂತೆ. ಬೆಳಗ್ಗೆ ತಂದ ಚಪಾತಿ ಡಬ್ಬಿ ಹಾಗೇ ಇತ್ತು.

ಮಧ್ಯಾಹ್ನ ಕಾಯುತ್ತಾ ಪ್ರೋಗ್ರಾಮನ್ನು ತೆರೆದೆ. ಒಂದು ಜೋಡಿಗೆ ಒಂದೇ ಸಾಲು ಎಂದಿದ್ದ ಕಡೆ ಎರಡು ಸಾಲು ಮಾಡಿದೆ. ಪರ್ತ್‌ನಿಂದ ಬ್ರಿಸ್ಬೇನ್. ಬ್ರಿಸ್ಬೇನ್‌ನಿಂದ ಪರ್ತ್. ಎರಡನೆಯದರ ಮುಂದಿನ ಜಾಗವನ್ನು ಖಾಲಿ ಬಿಟ್ಟೆ, ವಿಮಾನ ಇಳಿದ ಮೇಲೆ ತುಂಬಿಸಲು. ಹಳೆಯ ಯುರೋಪಿನ ಪುಟ ಇನ್ನೂ ಇದೆಯಾ ಎಂದು ಹುಡುಕಿದೆ. ಇತ್ತು. ಲಿಸ್ಬನ್‌ನಿಂದ ವಾರ್ಸಾಕ್ಕೂ ವಾರ್ಸಾದಿಂದ ಲಿಸ್ಬನ್‌ಗೂ ಒಂದೇ ಅಂಕಿ ಹೇಳುತ್ತಾ, ಯಾರೋ ಅದನ್ನು ನಂಬುತ್ತಾ.

ಮೂರು ನಲವತ್ತೆರಡಕ್ಕೆ ವಿಮಾನ ಗೇಟಿಗೆ ಬಂತು. ಐದು ಗಂಟೆ ಐವತ್ತೆರಡು ನಿಮಿಷ. ನಮ್ಮ ಡ್ರೈವರ್ ಇದ್ದರೂ ನಾನೂ ಹೋಗಿ ನಿಂತಿದ್ದೆ, ತಡೆಯಲಾಗಲಿಲ್ಲ. ಎಲ್ಲರಿಗಿಂತ ಮೊದಲು ಹಳಬರು ಹೊರಬಂದರು. ಎರಡೂ ಕೈಯಲ್ಲಿ ಪೆಟ್ಟಿಗೆ, ನಡಿಗೆ ಬಸ್ಸಿನ ಹಾಗೆ ನಿಧಾನ, ಎಲ್ಲೂ ಕುಲುಕದಂತೆ. ಯಂತ್ರದ ಮೇಲೆ ನಾಲ್ಕು ಡಿಗ್ರಿ ಎಂದಿತ್ತು. ಸಹಿ ಹಾಕಿಸಿಕೊಂಡು ಡ್ರೈವರ್‌ಗೆ ಕೊಟ್ಟೆವು. ನಾಲ್ಕೂಕಾಲಿಗೆ ಪೆಟ್ಟಿಗೆ ಆಸ್ಪತ್ರೆ ಮುಟ್ಟಿತು. ಅಡಿಲೇಡ್‌ನದು, ಬ್ರಿಸ್ಬೇನ್‌ನದು ಆಗಲೇ ಮುಟ್ಟಿದ್ದವು, ಎರಡೂ ಕಡೆ ಹೊಲಿಗೆ ಮುಗಿಯುತ್ತಾ ಬಂದಿತ್ತು.

ಮಗಳನ್ನು ಕರೆದುಕೊಂಡು ಬರಲು ಅಂಕಲ್ ಮನೆಗೆ ಹೋದೆ. ಬಾಗಿಲಲ್ಲೇ "ಎಷ್ಟಾಯ್ತು?" ಎಂದು ಕೇಳಿದರು.

"ಐದು ಐವತ್ತೆರಡು."

ಅವರ ಮುಖ ಸಣ್ಣಗಾಯಿತು. "ಎರಡು ನಿಮಿಷ ಎಲ್ಲಿ ಹೋಯ್ತು?" ಎಂದರು. ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ಬಂದೆವು. ಮಗಳು ಹೋಮ್‌ವರ್ಕಿಗೆ ಕೂತಳು. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ಐದೂಕಾಲು. ಐದು ಇಪ್ಪತ್ತು. ಐದೂವರೆ. ಫೋನ್ ಮೊಳಗಿದ್ದು ಐದು ನಲವತ್ತಕ್ಕೆ.

"ಕೂತಿದ್ದೀಯಾ?" ಎಂದರು ಸಿಸ್ಟರ್.

"ಇಲ್ಲ ಸಿಸ್ಟರ್."

"ಕೂತ್ಕೋ. ಐದು ಇಪ್ಪತ್ತೈದಕ್ಕೆ ಕ್ಲ್ಯಾಂಪ್ ಬಿಟ್ಟದ್ದು. ಒಂಬತ್ತು ಗಂಟೆ ಹತ್ತು ನಿಮಿಷ. ಬೆಳ್ಳಗೆ ಇದ್ದದ್ದು ನೋಡ್ತಾ ನೋಡ್ತಾ ಕೆಂಪಾಯ್ತು. ಮತ್ತೆ, ಹೊಲಿಗೆ ಮುಗಿಯುವ ಮೊದಲೇ ಅಲ್ಲೇ ಮೇಜಿನ ಮೇಲೆ ಉಚ್ಚೆ ಹೊಯ್ದಿತು ಮಾರಾಯ್ತಿ. ಸರ್ಜನ್ ಕೈಗವಸೆಲ್ಲ ಒದ್ದೆ. ಆ ಪೇಶೆಂಟು ಡಯಾಲಿಸಿಸ್‌ನಲ್ಲಿ ಏಳು ವರ್ಷ, ಗೊತ್ತುಂಟಾ? ಏಳು ವರ್ಷದಿಂದ ಒಂದು ಹನಿ ಇಲ್ಲ."

ಅವರು ಅಳುತ್ತಿದ್ದರು. ನಾನು ನೆಲದ ಮೇಲೆ, ಫ್ರಿಜ್ಜಿಗೆ ಒರಗಿ ಕೂತೆ. ಉಚ್ಚೆ ಹೊಯ್ದಿತಂತೆ ಎಂದು ಜೋರಾಗಿ ಹೇಳಿಕೊಂಡು ನಕ್ಕೆ, ಆಮೇಲೆ ನನಗೂ ಅಳು ಬಂತು. ಮೂರು ದಿನದಿಂದ ತಡೆದದ್ದೆಲ್ಲ ಬಂತು.

ಮಗಳು ಪೆನ್ಸಿಲ್ ಹಿಡಿದುಕೊಂಡೇ ಬಾಗಿಲಿಗೆ ಬಂದು ನನ್ನನ್ನು ನೋಡಿದಳು.

"ಅಮ್ಮಾ, ಹೂ ಡಿಡ್ ಸುಸು?"

"ಗೊತ್ತಿಲ್ಲ ಪುಟ್ಟಾ" ಎಂದೆ. "ಯಾರೋ. ನಮ್ಮೂರಿನವರೇ ಯಾರೋ."